ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಬೇಕಾ?

ಪ್ರಶ್ನೆ: ನಮ್ಮದು ಹಲಗೂರಿನ ಹತ್ತಿರ ಒಂದು ಹಳ್ಳಿ. ಮಗನಿಗೆ ನಾಲ್ಕೂವರೆ ವರ್ಷ. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲೂ ಕಪ್ಪಾಗಿ ಅರ್ಧಕ್ಕರ್ಧ ಕರಗಿಹೋಗಿವೆ. ಅವು ನೋಯುವುದಿಲ್ಲ. ಕೆಳಗೆ ಎಡಗಡೆಯ ಕೊನೇ ದವಡೆ ಹಲ್ಲಿನಲ್ಲಿ ದೊಡ್ಡ ತೂತಾಗಿದೆ, ಅನ್ನದ ಅಗುಳು ಸಿಕ್ಕಿಕೊಳ್ಳುತ್ತೆ. ಹೋದ ತಿಂಗಳು ರಾತ್ರಿ ಎದ್ದು ಕೂತು ಅಳುತ್ತಿದ್ದ. ಮೆಡಿಕಲ್ ಸ್ಟೋರಿನಿಂದ ಸಿರಪ್ ತಂದು ಕುಡಿಸಿದೆವು, ಅಳು ನಿಂತಿತು. ಆಮೇಲೆ ವಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು ತಾನಾಗೇ ಒಡೆದುಹೋಯಿತು. ಬಲಗಡೆ ದವಡೆ ಹಲ್ಲಿನಲ್ಲೂ ಸಣ್ಣದೊಂದು ತೂತಿದೆ. ಒಬ್ಬ ಡಾಕ್ಟರು ನೋವಿರುವ ಹಲ್ಲನ್ನು ಕಿತ್ತುಹಾಕೋಣ ಅಂದರು. ನಮ್ಮೆಜಮಾನರು ಬೆಂಗಳೂರಿನಲ್ಲಿ ಡ್ರೈವರ್. ಅಲ್ಲಿ ತೋರಿಸಿದರೆ, ಆರೂ ಹಲ್ಲಿಗೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು, ಪೂರ್ತಿ ಮಂಪರು ಬರಿಸಿ ಒಂದೇ ದಿನ ಮುಗಿಸುತ್ತೇವೆ ಅಂದರು. ಅವರು ಹೇಳಿದ ದುಡ್ಡು ನಮ್ಮ ಕೈಲಾಗುವುದಲ್ಲ. ನಮ್ಮತ್ತೆ, "ಬಿದ್ದೋಗೋ ಹಲ್ಲು ಕಣವ್ವ, ಅದುಕ್ಯಾಕೆ ದುಡ್ ಸುರೀತೀರಿ" ಅಂತಾರೆ. ಮುತ್ತತ್ತಿರಾಯನಿಗೆ ಹರಕೆ ಕಟ್ಟಿಕೊಂಡಿದ್ದಾರೆ. ಯಾರ ಮಾತು ಕೇಳಲಿ? ಒಂದೂಕಾಲು ವರ್ಷದ ಮಗಳೂ ಇದ್ದಾಳೆ, ಅವಳಿಗೂ ಹೀಗೇ ಆಗುತ್ತಾ? ಮುಂದೆ ಬರುವ ಹಲ್ಲೂ ಹುಳುಕಾಗೇ ಬರುತ್ತವಾ? ನಾನು ಸರಿಯಾಗಿ ನೋಡಿಕೊಳ್ಳದೆ ಹೀಗಾಯಿತು ಅಂತ ಎಲ್ಲರೂ ನನ್ನನ್ನೇ ಅನ್ನುತ್ತಾರೆ.
— ಹೆಸರು ಬೇಡ, ಹಲಗೂರು ಹೋಬಳಿ

ಉತ್ತರ: ತಂಗೀ, ಗುಳ್ಳೆ ಎದ್ದು ಒಡೆಯಿತು ಎಂಬ ಮಾತನ್ನು ನೀವು ಹಾಗೇ ಬರೆದು ಮುಂದಕ್ಕೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ಎದ್ದು ಕಂಡದ್ದು ಅದೇ. ಹುಳುಕು ಮೇಲಿನ ಗಟ್ಟಿ ಪದರವನ್ನು ಕೊರೆದು, ಅದರಡಿಯ ಮೆದು ಪದರವನ್ನೂ ದಾಟಿ ನರದ ಹತ್ತಿರ ಬಂದಾಗ ಮಗು ರಾತ್ರಿ ಎದ್ದು ಅಳುತ್ತದೆ. ಸ್ವಲ್ಪ ದಿನಕ್ಕೆ ಆ ನರ ಸಾಯುತ್ತದೆ. ಸತ್ತ ನರ ನೋಯುವುದಿಲ್ಲ. ಆದರೆ ಬೇರುಗಳ ನಡುವೆ ಕೀವು ಕಟ್ಟುತ್ತದೆ, ವಸಡಿನಲ್ಲಿ ದಾರಿ ಮಾಡಿಕೊಂಡು ಹೊರಗೆ ಬರುತ್ತದೆ. ನೀವು ಕಂಡ ಗುಳ್ಳೆ ಬಹುಮಟ್ಟಿಗೆ ಅದೇ. ಸಿರಪ್ಪಿನಿಂದ ವಾಸಿಯಾಯಿತು ಎಂದುಕೊಂಡಿದ್ದೀರಿ. ಸಿರಪ್ಪು ಕೆಲವು ಗಂಟೆ ನೋವು ತಗ್ಗಿಸಿತು, ಅಷ್ಟೆ. ಅಳು ಪೂರ್ತಿ ನಿಂತದ್ದು ನರ ಸತ್ತು ಕೀವಿಗೆ ದಾರಿ ಸಿಕ್ಕಿದ್ದರಿಂದ. ಆ ದಾರಿ ಮುಚ್ಚಿಕೊಂಡ ದಿನ ಕೆನ್ನೆ ಊದುತ್ತದೆ.

ಆದ್ದರಿಂದ ಎಡಗಡೆಯ ಆ ಒಂದು ಹಲ್ಲನ್ನು ಈ ವಾರವೇ ತೋರಿಸಿ. ಮಿಕ್ಕವಕ್ಕೆ ಒಂದಿಷ್ಟು ಪುರುಸೊತ್ತು ಇದೆ, ಇದಕ್ಕಿಲ್ಲ. ಅಷ್ಟರೊಳಗೆ ಕೆನ್ನೆ ಅಥವಾ ದವಡೆಯ ಕೆಳಗೆ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು, ಎಂಜಲು ನುಂಗಲು ಕಷ್ಟಪಟ್ಟರೆ, ಊತ ಕಣ್ಣಿನವರೆಗೆ ಏರಿದರೆ ಹಲ್ಲಿನ ಡಾಕ್ಟರು ಎಷ್ಟು ಗಂಟೆಗೆ ಸಿಗುತ್ತಾರೆ ಎಂದು ವಿಚಾರಿಸುತ್ತಾ ಕೂರಬೇಡಿ. ರಾತ್ರಿಯಾಗಲಿ ಭಾನುವಾರವಾಗಲಿ, ಮಂಡ್ಯದ ಮಿಮ್ಸ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ. ಬರೀ ನೋವಾದರೆ ಪ್ಯಾರಸಿಟಮಾಲ್ ಸಿರಪ್ ಸಾಕು. ಮಗುವಿನ ತೂಕದ ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ ಲೆಕ್ಕ, ಆರು ಗಂಟೆ ಅಂತರ. ಒಂದೊಂದು ಬಾಟಲಿಯಲ್ಲಿ ಔಷಧಿಯ ಪ್ರಮಾಣ ಒಂದೊಂದು ಥರ ಇರುವುದರಿಂದ ಎಷ್ಟು ಎಂಎಲ್ ಎಂದು ಕೇಳಿ ಬರೆಸಿಕೊಳ್ಳಿ. ಆಸ್ಪಿರಿನ್ ಬೇಡವೇ ಬೇಡ. ಆಂಟಿಬಯೋಟಿಕ್ ಸಿರಪ್ಪನ್ನು ನೀವಾಗಿಯೇ ತಂದು ಕುಡಿಸಬೇಡಿ. ಊತ ಇಳಿಯಬಹುದು, ಹಲ್ಲಿನೊಳಗಿನ ಕೊಳೆ ಅಲ್ಲೇ ಇರುತ್ತದೆ, ಮುಂದಿನ ತಿಂಗಳು ಮತ್ತೆ ಅದೇ ಕಥೆ.

ಈಗ ನಿಮ್ಮತ್ತೆಯ ಮಾತಿಗೆ ಬರುತ್ತೇನೆ. ಅವರು ಹೇಳುವುದು ಸುಳ್ಳಲ್ಲ, ಹಾಲು ಹಲ್ಲು ಬಿದ್ದೇ ಬೀಳುತ್ತದೆ. ನಾನು ಅವರನ್ನು ಕೇಳುವುದು ಒಂದೇ: ಯಾವ ಹಲ್ಲು, ಯಾವಾಗ? ಮಕ್ಕಳಿಗೆ ಇರುವುದು 20 ಹಾಲು ಹಲ್ಲು. ಅವು ಒಟ್ಟಿಗೆ ಬರುವುದಿಲ್ಲ, ಒಟ್ಟಿಗೆ ಹೋಗುವುದೂ ಇಲ್ಲ. ಮೇಲಿನ ಮುಂದಿನ ನಾಲ್ಕು ಹಲ್ಲು ಆರೂವರೆಯಿಂದ ಎಂಟು ವರ್ಷದೊಳಗೆ ಬೀಳುತ್ತವೆ. ದವಡೆಯ ಕೊನೇ ಹಾಲು ಹಲ್ಲು ಬೀಳುವುದು 10ರಿಂದ 12ನೇ ವರ್ಷಕ್ಕೆ. ಅಂದರೆ ನಿಮ್ಮ ಮಗ ಐದನೇ ಕ್ಲಾಸು, ಆರನೇ ಕ್ಲಾಸಿಗೆ ಹೋಗುವವರೆಗೂ ಆ ಎಡಗಡೆಯ ಹಲ್ಲಿನಲ್ಲೇ ಚಕ್ಕುಲಿ ಕಡಿಯಬೇಕು. ಅತ್ತೆಯ ಮಾತು ಮುಂದಿನ ಹಲ್ಲುಗಳ ಮಟ್ಟಿಗೆ ಮುಕ್ಕಾಲುಪಾಲು ಸರಿ. ದವಡೆ ಹಲ್ಲಿನ ಮಟ್ಟಿಗೆ ಆರು ವರ್ಷದಷ್ಟು ತಪ್ಪು.

ಆ ಕೊನೇ ಹಲ್ಲಿಗೆ ಅಗಿಯುವುದರ ಜೊತೆಗೆ ಇನ್ನೊಂದು ಕೆಲಸವಿದೆ. ಸಂತೆ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ ಅದು ತನ್ನ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಹಿಡಿದಿರುತ್ತದೆ. ಸುಮಾರು ಆರನೇ ವರ್ಷಕ್ಕೆ ಅದರ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಮುಂದೆ ಹಾಲು ಹಲ್ಲು ಇಲ್ಲದಿದ್ದರೆ ಅದು ಖಾಲಿ ಜಾಗಕ್ಕೆ ಸರಿದು ಬರುತ್ತದೆ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಹುಟ್ಟಬೇಕಾದ ಹಲ್ಲಿಗೆ ಆಗ ಜಾಗವಿಲ್ಲ. ಒಳಗೇ ಉಳಿಯುತ್ತದೆ, ಇಲ್ಲವೇ ಸೊಟ್ಟಗೆ ಹುಟ್ಟುತ್ತದೆ. ಹಾಗಂತ ಕೀವು ತುಂಬಿದ ಹಲ್ಲನ್ನು ಸುಮ್ಮನೆ ಇಟ್ಟುಕೊಂಡಿರುವುದೂ ಸರಿಯಲ್ಲ. ಅಡಿಯಲ್ಲಿ ಬೆಳೆಯುವ ಹೊಸ ಹಲ್ಲಿಗೆ ಸೋಂಕು ತಗುಲಿ, ಅದು ಹುಟ್ಟುವಾಗಲೇ ಕಂದು ಮಚ್ಚೆ ಅಥವಾ ಗುಳಿ ಬಿದ್ದಿರಬಹುದು.

ನಿಮಗೆ ಸಿಕ್ಕ ಇಬ್ಬರು ಡಾಕ್ಟರಲ್ಲಿ ಯಾರೂ ಸುಳ್ಳು ಹೇಳಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಒಬ್ಬರು ಒಂದು ಹಲ್ಲಿನ ಇವತ್ತಿನ ನೋವನ್ನಷ್ಟೇ ನೋಡಿದ್ದಾರೆ, ಇನ್ನೊಬ್ಬರು ಆರೂ ಹಲ್ಲನ್ನು ಒಂದೇ ತಕ್ಕಡಿಗೆ ಹಾಕಿದ್ದಾರೆ. ನಾನಾದರೆ ಒಂದೊಂದು ಹಲ್ಲಿನ ಆಯಸ್ಸನ್ನೂ ಬೇರೆ ಬೇರೆ ಲೆಕ್ಕ ಹಾಕುತ್ತೇನೆ. ಬಾಯಿ ನೋಡದೆ, ಎಕ್ಸ್‌ರೇ ತೆಗೆಯದೆ ಇಷ್ಟು ದೂರದಿಂದ ತೀರ್ಪು ಕೊಡಲು ಬರುವುದಿಲ್ಲ. ನೀವು ಅಲ್ಲಿ ಕೂತಾಗ ಏನು ಕೇಳಬೇಕು ಎಂಬುದಕ್ಕೆ ಮಾತ್ರ ಇದನ್ನು ಇಟ್ಟುಕೊಳ್ಳಿ.

ಎಡಗಡೆಯ ಹಲ್ಲಿನ ಮೇಲೆ ಖರ್ಚು ಮಾಡುವುದು ದಂಡವಲ್ಲ. ಬೇರು ಗಟ್ಟಿಯಾಗಿದ್ದರೆ ಒಳಗಿನ ಸತ್ತ ನರ ತೆಗೆದು, ತೊಳೆದು, ಮುಂದೆ ಬೇರಿನ ಜೊತೆ ತಾನೂ ಕರಗಿಹೋಗುವಂಥ ಔಷಧಿ ತುಂಬಿ, ಮೇಲೆ ಸ್ಟೀಲ್ ಕ್ಯಾಪ್ ಹಾಕುತ್ತಾರೆ. ದೊಡ್ಡವರ ರೂಟ್ ಕೆನಾಲಿನಲ್ಲಿ ತುಂಬುವ ವಸ್ತು ಕರಗುವುದಿಲ್ಲ, ಮಕ್ಕಳದ್ದು ಕರಗಲೇಬೇಕು, ಇಲ್ಲದಿದ್ದರೆ ಹೊಸ ಹಲ್ಲಿಗೆ ಅಡ್ಡ. ಅದಕ್ಕೇ ಈ ಕೆಲಸವನ್ನು ಮಕ್ಕಳ ದಂತ ತಜ್ಞರ ಕೈಯಲ್ಲಿ ಮಾಡಿಸಿದರೆ ಒಳ್ಳೆಯದು. ಬಿಳಿ ಕ್ಯಾಪ್ ಬೇಕೇ ಎಂದು ಕೇಳಿದರೆ ಬೇಡ ಅನ್ನಿ. ಒಳಗಿನ ದವಡೆಗೆ ಸ್ಟೀಲೇ ಗಟ್ಟಿ, ಬೆಲೆಯೂ ಕಡಿಮೆ. ಒಂದು ವೇಳೆ ಬೇರು ಕರಗಿ ಹಲ್ಲು ಉಳಿಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಕೀಳಲೇಬೇಕು. ಆಗ "ಜಾಗ ಹಿಡಿಯುವ ತಂತಿ ಹಾಕುತ್ತೀರಾ?" ಎಂದು ಕೇಳಿ. ಸ್ಪೇಸ್ ಮೇಂಟೈನರ್ ಎನ್ನುತ್ತಾರೆ. ಆರನೇ ವರ್ಷದ ಹಲ್ಲು ಇನ್ನೂ ಹುಟ್ಟಿಲ್ಲದ ಮಗುವಿಗೆ ಅದನ್ನು ಕೂರಿಸುವುದು ಸ್ವಲ್ಪ ನಾಜೂಕಿನ ಕೆಲಸ. ಆದ್ದರಿಂದಲೇ ಸಾಧ್ಯವಾದಷ್ಟೂ ಆ ಹಲ್ಲನ್ನು ಉಳಿಸಿಕೊಳ್ಳಿ ಎನ್ನುತ್ತೇನೆ.

ಬಲಗಡೆಯ ಸಣ್ಣ ತೂತು ಇನ್ನೂ ನರದವರೆಗೆ ಹೋಗಿಲ್ಲದಿದ್ದರೆ ನೀವು ಅದೃಷ್ಟವಂತರು. ಸಿಹಿ ತಿಂದಾಗ, ತಣ್ಣೀರು ಕುಡಿದಾಗ ಮಾತ್ರ ಚುಳ್ ಎಂದು ಕೂಡಲೇ ನಿಲ್ಲುತ್ತದಾ ಅಥವಾ ಏನೂ ತಿನ್ನದಿದ್ದರೂ ನೋಯುತ್ತದಾ ನೋಡಿ ಡಾಕ್ಟರಿಗೆ ಹೇಳಿ. ಮೊದಲನೆಯದಾದರೆ ನರ ಜೀವಂತವಿದೆ. ಅಂಥ ಹಲ್ಲಿಗೆ ಡ್ರಿಲ್ ಮುಟ್ಟಿಸದೆ, ಕೈಯಲ್ಲಿ ಹಿಡಿಯುವ ಸಣ್ಣ ಸಲಕರಣೆಯಿಂದ ಮೆತ್ತಗಾದ ಭಾಗ ಕೆರೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬಬಹುದು. ಕರೆಂಟಿಲ್ಲದ ಊರಿನಲ್ಲೂ ಆಗಬೇಕೆಂದು ಆಫ್ರಿಕಾದ ತಾಂಜಾನಿಯಾದಲ್ಲಿ 1980ರ ದಶಕದಲ್ಲಿ ಶುರುವಾದ ಪದ್ಧತಿ ಇದು. ಹುಳುಕು ಹಲ್ಲಿನ ಪಕ್ಕಕ್ಕೂ ಹರಡಿದ್ದರೆ ಇನ್ನೊಂದು ದಾರಿ ಇದೆ. ಸ್ಕಾಟ್ಲೆಂಡಿನ ದಂತ ವೈದ್ಯೆ ನಾರ್ನಾ ಹಾಲ್ ತಮ್ಮ ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ಮಾಡುತ್ತಿದ್ದ ಕ್ರಮ. 2006ರಲ್ಲಿ ಅದರ ಫಲಿತಾಂಶ ಪ್ರಕಟವಾದಾಗ ಬಹಳ ಜನ ಹುಬ್ಬೇರಿಸಿದರು. ಇಂಜೆಕ್ಷನ್ ಇಲ್ಲ, ಕೊರೆಯುವುದಿಲ್ಲ, ಹುಳುಕನ್ನು ತೆಗೆಯುವುದೂ ಇಲ್ಲ. ಸರಿಯಾದ ಅಳತೆಯ ಸ್ಟೀಲ್ ಕ್ಯಾಪಿಗೆ ಸಿಮೆಂಟ್ ತುಂಬಿ ಹಲ್ಲಿನ ಮೇಲೆ ಒತ್ತಿ ಕೂರಿಸುವುದು, ಅಷ್ಟೇ. ಒಳಗೆ ಸಿಕ್ಕಿಬಿದ್ದ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಸಿಗದೆ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಮೊದಲ ಕೆಲವು ದಿನ "ಅಮ್ಮಾ ಕಚ್ಚೋಕಾಗಲ್ಲ, ಎತ್ತರ ಇದೆ" ಎಂದು ಮಗ ದೂರಬಹುದು. ಕೆಲವೇ ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ.

ಇನ್ನು ಮುಂದಿನ ಆ ನಾಲ್ಕು ಕಪ್ಪು ಹಲ್ಲು. ನಿಮ್ಮನ್ನು ಹೆಚ್ಚು ಹೆದರಿಸಿರುವುದು ಇವೇ, ಏಕೆಂದರೆ ಎಲ್ಲರಿಗೂ ಕಾಣುವುದು ಇವೇ. ನೋವಿಲ್ಲ, ಗುಳ್ಳೆಯಿಲ್ಲ ಎಂದಾದರೆ ಅವಕ್ಕೆ ರೂಟ್ ಕೆನಾಲ್, ಬಿಳಿ ಕ್ಯಾಪ್ ಎಂದು ಸಾಲ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವಿದೆ, ಎಸ್‌ಡಿಎಫ್ ಎಂದು ಕೇಳಿದರೆ ಗೊತ್ತಾಗುತ್ತದೆ. ಹಲ್ಲು ಒರೆಸಿ ಒಣಗಿಸಿ, ಕಡ್ಡಿಯಂಥ ಸಣ್ಣ ಬ್ರಷ್ಷಿನಲ್ಲಿ ಒಂದು ಹನಿ ಸವರಿ ಒಂದು ನಿಮಿಷ ಬಿಟ್ಟರೆ ಮುಗಿಯಿತು. ಅದರ ಬೆಳ್ಳಿ ಕೀಟಾಣುವನ್ನು ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಸವರಬೇಕು. ಜಪಾನಿನಲ್ಲಿ ದಶಕಗಳಿಂದ ಬಳಕೆಯಲ್ಲಿತ್ತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಒಂದು ಕುಂದು ಇದೆ: ಹುಳುಕಾದ ಜಾಗ ಇದ್ದಿಲಿನಂತೆ ಕಪ್ಪಾಗುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಅನೇಕ ತಾಯಂದಿರು ಇದನ್ನು ಕೇಳಿಯೇ ಬೇಡ ಎನ್ನುತ್ತಾರೆ. ನಿಮ್ಮ ಮಗನ ಹಲ್ಲು ಹೇಗೂ ಕಪ್ಪಾಗಿವೆ, ಕಳೆದುಕೊಳ್ಳುವುದೇನಿಲ್ಲ. ಮೆತ್ತಗೆ ಉದುರುವ ಕಪ್ಪು ಹೋಗಿ ಗಟ್ಟಿ ಕಪ್ಪು ಬರುತ್ತದೆ, ಎರಡು ಮೂರು ವರ್ಷಕ್ಕೆ ಆ ಹಲ್ಲುಗಳೇ ಬಿದ್ದುಹೋಗುತ್ತವೆ. ಆದರೆ ಎಸ್‌ಡಿಎಫ್ ಸವರುವುದು ನೋವು, ಕೀವು ಇಲ್ಲದ ಹಲ್ಲಿಗೆ ಮಾತ್ರ. ಎಡಗಡೆಯ ಹಲ್ಲಿಗೆ ಅದು ಆಗಿಬರುವುದಿಲ್ಲ. ಮುಂದಿನ ಹಲ್ಲಿನಲ್ಲೂ ಯಾವತ್ತಾದರೂ ಕೀವಾದರೆ ಕಿತ್ತರೆ ತೊಂದರೆಯಿಲ್ಲ. ಆ ಜಾಗ ಅಷ್ಟಾಗಿ ಮುಚ್ಚಿಕೊಳ್ಳುವುದಿಲ್ಲ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಹಲ್ಲಿನ ನರ ಬೇರೆ, ಕಣ್ಣಿನ ನರ ಬೇರೆ.

ಪೂರ್ತಿ ಅರಿವಳಿಕೆ ಕೊಟ್ಟು ಮಾಡುವುದು ತಪ್ಪೇನಲ್ಲ. ಎರಡು ವರ್ಷದ ಮಗುವಿಗೆ, ಹತ್ತು ಹನ್ನೆರಡು ಹಲ್ಲು ಕೆಟ್ಟಿದ್ದರೆ, ಅಥವಾ ಬೇರೆ ಕಾಯಿಲೆ ಇದ್ದರೆ ಅದೇ ದಾರಿ. ನಾಲ್ಕೂವರೆ ವರ್ಷದ, ಮಾತು ಅರ್ಥವಾಗುವ ಹುಡುಗನಿಗೆ ಒಂದೊಂದು ಸಲ ಒಂದೊಂದು ಹಲ್ಲು ಎಂದು ನಾಲ್ಕಾರು ಸಲ ಹೋದರೆ ಸಾಕಾಗಬಹುದು. ಬೇಕೇಬೇಕು ಎಂದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

ಎಲ್ಲಿಗೆ ಹೋಗಬೇಕು? ಮೊದಲು ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ತೋರಿಸಿ, ಅಲ್ಲಿಂದ ಮಂಡ್ಯದ ಮಿಮ್ಸ್. ನರ ತೆಗೆದು ಕ್ಯಾಪ್ ಹಾಕುವ ಕೆಲಸಕ್ಕೆ ದಂತ ವೈದ್ಯಕೀಯ ಕಾಲೇಜುಗಳೇ ವಾಸಿ ಎಂಬುದು ನನ್ನ ಅಭಿಪ್ರಾಯ, ಮಕ್ಕಳಿಗೇ ಎಂದು ಪ್ರತ್ಯೇಕ ವಿಭಾಗವಿರುತ್ತದೆ. ನಿಮ್ಮ ಕಡೆಯಿಂದ ಕನಕಪುರದ ಮೇಲೆ ಬೆಂಗಳೂರಿಗೆ ಹೋದರೆ ಕೋಟೆಯ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆಯ ಆಸುಪಾಸಿನಲ್ಲೇ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ನಿಮ್ಮೆಜಮಾನರು ಇರುವುದೂ ಬೆಂಗಳೂರಿನಲ್ಲೇ ಅಲ್ಲವೇ. ಮಳವಳ್ಳಿ, ಬನ್ನೂರು ಹಾದು ಮೈಸೂರಿಗೆ ಹೋದರೆ ಜೆಎಸ್‌ಎಸ್ ದಂತ ಕಾಲೇಜು. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮಾಡುತ್ತಾರೆಂದು ಹೆದರುವವರಿದ್ದಾರೆ. ಮೇಲೆ ಪ್ರಾಧ್ಯಾಪಕರು ನಿಂತು ನೋಡುತ್ತಾರೆ, ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ. ಬೆಳಗಿನ ಮೊದಲ ಬಸ್ಸಿಗೆ ಹೊರಡಿ. ಮಕ್ಕಳು ಬೆಳಿಗ್ಗೆ ಗೆಲುವಾಗಿರುತ್ತಾರೆ, ಮಧ್ಯಾಹ್ನದ ಮೇಲೆ ಯಾವ ಮಗುವೂ ಬಾಯಿ ತೆಗೆಯುವುದಿಲ್ಲ.

ಇನ್ನೊಂದು ಬಾಗಿಲು ನಿಮ್ಮ ಊರಿನಲ್ಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನದೂ ಇದೆ. ಅಂಗನವಾಡಿ ಟೀಚರನ್ನು ಕೇಳಿ, ತಂಡ ಬಂದ ದಿನ ಮಗನ ಬಾಯಿ ನೀವೇ ತೆಗೆದು ತೋರಿಸಿ, ಚೀಟಿ ಬರೆಸಿಕೊಳ್ಳಿ. ಬಾಯಿ ಮುಚ್ಚಿಕೊಂಡು ಸಾಲಿನಲ್ಲಿ ನಿಂತ ಮಗುವಿನ ಹುಳುಕು ಯಾರಿಗೂ ಕಾಣುವುದಿಲ್ಲ. ನಮ್ಮ ರಾಜ್ಯದಲ್ಲಿ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕಟ್ಟಿಸಿಕೊಡಲು 'ದಂತ ಭಾಗ್ಯ' ಎಂಬ ಯೋಜನೆ ಬಂತು, ಒಳ್ಳೆಯದೇ ಆಯಿತು, ನಿಮ್ಮತ್ತೆಗೆ ಬೇಕಾಗಿದ್ದರೆ ಅದನ್ನೂ ವಿಚಾರಿಸಿ. ಮೊಮ್ಮಕ್ಕಳ ಹಾಲು ಹಲ್ಲಿನ ಬಗ್ಗೆ ಅಷ್ಟು ಸದ್ದು ಯಾರೂ ಮಾಡಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಇನ್ನು ಯಾರ ತಪ್ಪು ಎಂಬ ಮಾತು. 2002-03ರಲ್ಲಿ ದೇಶದಾದ್ಯಂತ ನಡೆದ ಬಾಯಿ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 52 ಮಕ್ಕಳಿಗೆ ಹುಳುಕು ಹಲ್ಲಿತ್ತು. ಅಷ್ಟೂ ಮಕ್ಕಳ ತಾಯಂದಿರು ಸೋಮಾರಿಗಳೇ? ನೀವು ಪತ್ರದಲ್ಲಿ ಬರೆದಿಲ್ಲ, ಆದರೆ ಮೇಲಿನ ಮುಂದಿನ ನಾಲ್ಕು ಹಲ್ಲು ಕರಗಿ ಕೆಳಗಿನ ಮುಂದಿನವು ಬೆಳ್ಳಗೆ ಉಳಿದಿವೆ ಎಂದರೆ ನನಗೆ ಮೊದಲು ಅನುಮಾನ ಬರುವುದು ರಾತ್ರಿಯ ಬಾಟಲಿಯ ಮೇಲೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಗು ನಿದ್ದೆ ಹೋಗುತ್ತದೆ. ನಿದ್ದೆಯಲ್ಲಿ ಎಂಜಲು ಊರುವುದು ಕಡಿಮೆ. ಕೆಳಗಿನ ಹಲ್ಲನ್ನು ನಾಲಿಗೆ ಮುಚ್ಚಿಕೊಂಡು ಕಾಪಾಡುತ್ತದೆ. ಮೇಲಿನ ಹಲ್ಲಿನ ಸುತ್ತ ಹಾಲು ರಾತ್ರಿಯಿಡೀ ನಿಂತಿರುತ್ತದೆ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತದೆ, ಹಾಲು ಹಲ್ಲಿನ ಮೇಲ್ಪದರವೋ ತೀರ ತೆಳು, ತಿಂಗಳುಗಳಲ್ಲಿ ತೂತು.

ನಿಮ್ಮದು ಸಕ್ಕರೆ ನಾಡು. ಆಲೆಮನೆಗೆ ಹೋದ ಮಗುವಿನ ಕೈಗೆ ಬಿಸಿ ಬೆಲ್ಲದ ಉಂಡೆ ಇಡದೆ ಕಳಿಸುವ ಪದ್ಧತಿ ಮಂಡ್ಯ ಸೀಮೆಯಲ್ಲಿ ಇಲ್ಲ, ಅದನ್ನು ನಿಲ್ಲಿಸಿ ಎನ್ನಲು ನನಗೂ ಬಾಯಿ ಬರುವುದಿಲ್ಲ. ಆದರೆ ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂಬ ನಂಬಿಕೆ ಹಲ್ಲಿನ ಹತ್ತಿರ ನಡೆಯುವುದಿಲ್ಲ. ಬೆಲ್ಲವೂ ಬಹುಪಾಲು ಸುಕ್ರೋಸೇ, ಮೇಲಾಗಿ ಅಂಟು. ಎಷ್ಟು ತಿಂದ ಎಂಬುದಕ್ಕಿಂತ ಎಷ್ಟು ಸಲ ತಿಂದ ಎಂಬುದೇ ಹಲ್ಲಿಗೆ ಮುಖ್ಯ. ಒಂದು ಸಲ ಸಿಹಿ ಬಾಯಿಗೆ ಬಿದ್ದರೆ ಸುಮಾರು ಅರ್ಧ ಗಂಟೆ ಬಾಯಿ ಹುಳಿಯಾಗಿರುತ್ತದೆ. ಬೆಳಿಗ್ಗೆ ಟೀಯಲ್ಲಿ ಅದ್ದಿದ ಬಿಸ್ಕತ್ತು, ಹತ್ತು ಗಂಟೆಗೆ ಬನ್ನು, ಮಧ್ಯಾಹ್ನ ಐದು ರೂಪಾಯಿ ಪೊಟ್ಟಣ, ಸಂಜೆ ಬೆಲ್ಲದ ಚೂರು, ರಾತ್ರಿ ಬಾಟಲಿ ಎಂದರೆ ಹಲ್ಲಿಗೆ ಬಿಡುವೇ ಇಲ್ಲ. ಅಪ್ಪ ಬೆಂಗಳೂರಿನಿಂದ ತರುವ ಚಾಕೊಲೇಟನ್ನು ವಾರವಿಡೀ ಹಂಚಬೇಡಿ. ಊಟವಾದ ಮೇಲೆ ಒಂದೇ ಸಲ ತಿಂದು ಮುಗಿಸಲಿ. ಕೆಮ್ಮಿನ ಸಿರಪ್ಪಿನಲ್ಲೂ ಸಕ್ಕರೆ ಇರುತ್ತದೆ, ರಾತ್ರಿ ಕುಡಿಸಿದ ಮೇಲೆ ಹಲ್ಲು ಉಜ್ಜಿ ಮಲಗಿಸಿ.

ಬಾಟಲಿಯನ್ನು ಒಂದೇ ರಾತ್ರಿಗೆ ಕಿತ್ತುಕೊಂಡರೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮೊದಲು ಸಕ್ಕರೆ ನಿಲ್ಲಿಸಿ. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ನೀರು ಬೆರೆಸುತ್ತಾ ಎರಡು ವಾರದಲ್ಲಿ ಬರೀ ನೀರಿಗೆ ತನ್ನಿ. ನೀರಿನ ಬಾಟಲಿಗಾಗಿ ಮಕ್ಕಳು ಹೆಚ್ಚು ದಿನ ಹಟ ಮಾಡುವುದಿಲ್ಲ. ಅತ್ತೆಯ ಜೊತೆ ಇದಕ್ಕೆ ಜಗಳ ಆಡಬೇಡಿ. ಬಾಟಲಿ ಕೊಡುವುದು ಅವರೇ ಆದರೆ ಅವರನ್ನೇ ದಂತ ಕಾಲೇಜಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಡಾಕ್ಟರು ಎಕ್ಸ್‌ರೇಯಲ್ಲಿ ಹಾಲು ಹಲ್ಲಿನ ಕೆಳಗೆ ಕೂತಿರುವ ಹೊಸ ಹಲ್ಲನ್ನು ತೋರಿಸಿದಾಗ ಎಂಥ ಅಜ್ಜಿಯೂ ಬಗ್ಗಿ ನೋಡುತ್ತಾಳೆ. ಸೊಸೆ ಹೇಳಿದರೆ ಕೇಳದ ಮಾತು ಅಲ್ಲಿ ತಲೆಗೆ ಹೋಗುತ್ತದೆ. ಮುತ್ತತ್ತಿಯ ಹರಕೆಯನ್ನೂ ತೀರಿಸಲಿ, ಅದಕ್ಕೂ ಇದಕ್ಕೂ ವಿರೋಧವಿಲ್ಲ.

ಆದರೆ ಒಂದಕ್ಕೆ ಒಪ್ಪಬೇಡಿ. ಹಲ್ಲಿನ ಹುಳ ತೆಗೆಯುತ್ತೇವೆಂದು ನೆಲಗುಳ್ಳದ ಬೀಜ ಕೆಂಡಕ್ಕೆ ಹಾಕಿ, ಬಾಯಿಗೆ ಹೊಗೆ ಕೊಡುವವರು ಇನ್ನೂ ಇದ್ದಾರೆ. ಕೊನೆಗೆ ತಟ್ಟೆಯ ನೀರಿನಲ್ಲಿ ಬಿಳಿ ಹುಳದಂಥವು ತೇಲುವುದನ್ನು ತೋರಿಸುತ್ತಾರೆ. ಅವು ಬಿಸಿಗೆ ಸಿಡಿದ ಬೀಜದೊಳಗಿನ ಮೊಳಕೆಗಳು. ಬಾಯಿಲ್ಲದ ಖಾಲಿ ತಟ್ಟೆಯ ಮೇಲೆ ಹೊಗೆ ಹಿಡಿದರೂ ಅಷ್ಟೇ ಹುಳ ಬೀಳುತ್ತವೆ. ಲವಂಗದ ಎಣ್ಣೆಯೂ ಬೇಡ, ಮಗುವಿನ ವಸಡು ಸುಡುತ್ತದೆ.

ಮಗಳ ವಿಷಯದಲ್ಲಿ ನೀವು ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಇವತ್ತೇ ಅವಳನ್ನು ಬೆಳಕಿಗೆ ಮಲಗಿಸಿ, ಮೇಲಿನ ತುಟಿಯನ್ನು ಬೆರಳಿನಿಂದ ಎತ್ತಿ ನೋಡಿ. ವಸಡಿನ ಅಂಚಿಗೆ ಹಲ್ಲಿನ ಮೇಲೆ ಸುಣ್ಣದ ಗೆರೆ ಎಳೆದಂತೆ, ಹೊಳಪಿಲ್ಲದ ಬಿಳಿ ಪಟ್ಟಿ ಕಾಣುತ್ತದಾ? ಅದು ಹುಳುಕಿನ ಮೊದಲ ಹೆಜ್ಜೆ. ತೂತು ಬಿದ್ದಿಲ್ಲ, ಇನ್ನೂ ಹಿಂದಕ್ಕೆ ತಿರುಗಿಸಬಹುದು. ಡಾಕ್ಟರು ಫ್ಲೋರೈಡ್ ವಾರ್ನಿಷ್ ಹಚ್ಚುತ್ತಾರೆ, ಮೂರರಿಂದ ಆರು ತಿಂಗಳಿಗೊಮ್ಮೆ. ಮಗನ ಕೆಲಸಕ್ಕೆ ಹೋದಾಗ ಅವಳ ಬಾಯನ್ನೂ ತೋರಿಸಿಬಿಡಿ. ಮಗನಿಗೆ ತಿನ್ನಿಸಿದ ಚಮಚವನ್ನೇ ಅವಳ ಬಾಯಿಗೂ ಇಡುವುದು, ಬಿಸಿ ನೋಡಲು ನೀವು ಬಾಯಿಟ್ಟು ಕೊಡುವುದು ಬೇಡ. ಹುಳುಕಿನ ಬ್ಯಾಕ್ಟೀರಿಯಾ ಎಂಜಲಿನಲ್ಲೇ ದಾಟುತ್ತದೆ.

ಅವಳ ಹಲ್ಲು ಉಜ್ಜುವುದು ಹೀಗೆ: ನೀವು ಕಾಲು ಚಾಚಿ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ, ಸ್ನಾನ ಮಾಡಿಸುವಾಗ ಕೂರುವ ಭಂಗಿಯೇ ಸಾಕು. ಒಂದು ಕೈಯಲ್ಲಿ ತುಟಿ ಎತ್ತಿ, ಇನ್ನೊಂದರಲ್ಲಿ ಮೆದು ಬ್ರಷ್. ಪೇಸ್ಟು ಒಂದು ಅಕ್ಕಿ ಕಾಳಿನಷ್ಟು. ಮಗನಿಗೆ ಬಟಾಣಿ ಕಾಳಿನಷ್ಟು. ಪೇಸ್ಟಿನ ಡಬ್ಬಿಯ ಮೇಲೆ ಫ್ಲೋರೈಡ್ 1000 ಪಿಪಿಎಂ ಎಂದಿದೆಯೇ ನೋಡಿ ತೆಗೆದುಕೊಳ್ಳಿ. ಮಕ್ಕಳ ಪೇಸ್ಟ್ ಎಂದು ಚಿತ್ರ ಹಾಕಿ ಮಾರುವ ಕೆಲವುಗಳಲ್ಲಿ ಅದು ಕಡಿಮೆ, ಕೆಲವುಗಳಲ್ಲಿ ಇರುವುದೇ ಇಲ್ಲ. ಪಾವಗಡದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಹಲ್ಲು ಕಂದುಗಟ್ಟಿದ್ದನ್ನು ಕೇಳಿ ಹೆದರುವವರಿದ್ದಾರೆ. ಅದು ವರ್ಷಗಟ್ಟಲೆ ದಿನಕ್ಕೆ ಲೀಟರುಗಟ್ಟಲೆ ಕುಡಿದ ನೀರು. ಅಕ್ಕಿ ಕಾಳಿನಷ್ಟು ಪೇಸ್ಟಿನ ಲೆಕ್ಕ ಬೇರೆ. ಇದ್ದಿಲು, ಬೂದಿ, ಒರಟು ಕೆಂಪು ಹಲ್ಲುಪುಡಿ ಮಾತ್ರ ಮಕ್ಕಳಿಗೆ ಬೇಡ. ಬೆಳಿಗ್ಗೆ ಒಂದು ಸಲ ತಪ್ಪಿದರೂ ರಾತ್ರಿಯದು ತಪ್ಪಕೂಡದು. ಏಳೆಂಟು ವರ್ಷದವರೆಗೆ ನೀವೇ ಉಜ್ಜಿ; ತಾನೇ ಉಜ್ಜುತ್ತೇನೆಂದರೆ ಉಜ್ಜಲಿ, ಆಮೇಲೆ ನಿಮ್ಮದೊಂದು ಸುತ್ತು.

ಮಗನನ್ನು ಕರೆದುಕೊಂಡು ಹೋಗುವ ಮೊದಲು "ಏನೂ ನೋವಾಗಲ್ಲ" ಎಂದು ಮಾತು ಕೊಡಬೇಡಿ, ಸುಳ್ಳೆಂದು ಗೊತ್ತಾದರೆ ಎರಡನೇ ಸಲ ಅವನು ಬಸ್ಸೇ ಹತ್ತುವುದಿಲ್ಲ. "ಗಲಾಟೆ ಮಾಡಿದ್ರೆ ಡಾಕ್ಟ್ರತ್ರ ಸೂಜಿ ಚುಚ್ಚಿಸ್ತೀನಿ" ಎಂಬ ಮಾತನ್ನು ಮನೆಯಲ್ಲಿ ಎಲ್ಲರೂ ಇವತ್ತಿನಿಂದಲೇ ಬಿಡಬೇಕು. ಡಾಕ್ಟರು ನಿನ್ನ ಹಲ್ಲು ಎಣಿಸುತ್ತಾರೆ, ನೀರು ಹೊಡೆದು ತೊಳೆಯುತ್ತಾರೆ ಎಂದಷ್ಟು ಹೇಳಿ. ಒಳ್ಳೆಯ ಮಕ್ಕಳ ದಂತ ವೈದ್ಯರು ಪ್ರತಿ ಸಲಕರಣೆಯನ್ನೂ ಮೊದಲು ಅವನ ಉಗುರಿನ ಮೇಲೆ ಮುಟ್ಟಿಸಿ ತೋರಿಸಿ, ಆಮೇಲೆ ಬಾಯಿಗೆ ತರುತ್ತಾರೆ. ಹಾಗೆ ಮಾಡದೆ ಕೈಕಾಲು ಹಿಡಿಯಿರಿ ಎನ್ನುವವರ ಹತ್ತಿರ, ತುರ್ತು ಇಲ್ಲದ ಕೆಲಸಕ್ಕೆ, ಎರಡನೇ ಸಲ ಹೋಗಬೇಡಿ.

ಹೊಸ ಹಲ್ಲು ಹುಳುಕಾಗೇ ಬರುತ್ತವಾ ಎಂದು ಕೇಳಿದ್ದೀರಿ. ಹುಳುಕು ಹುಟ್ಟಿನಿಂದ ಬರುವುದಲ್ಲ, ಹಲ್ಲು ಬಾಯಿಗೆ ಬಂದ ಮೇಲೆ ಹಿಡಿಯುವುದು. ಆದರೆ ಹಾಲು ಹಲ್ಲು ಕೆಟ್ಟ ಬಾಯಲ್ಲಿ ಬ್ಯಾಕ್ಟೀರಿಯಾವೂ ಅದೇ, ತಿನ್ನುವ ಅಭ್ಯಾಸವೂ ಅದೇ, ಆದ್ದರಿಂದ ಅವಕ್ಕೂ ಹಿಡಿಯುವ ಸಂಭವ ಹೆಚ್ಚು. ಅವನಿಗೆ ಐದೂವರೆ ತುಂಬಿದ ಮೇಲೆ ತಿಂಗಳಿಗೊಮ್ಮೆ ಕೊನೇ ಹಾಲು ಹಲ್ಲಿನ ಹಿಂದೆ ಟಾರ್ಚ್ ಹಿಡಿದು ನೋಡುತ್ತಿರಿ. ಯಾವ ಹಲ್ಲೂ ಬೀಳದೆ, ನೋವೂ ಇಲ್ಲದೆ ಅಲ್ಲೊಂದು ಅಗಲವಾದ ಹಲ್ಲು ಮೇಲೇಳುತ್ತದೆ. ಹಾಲು ಹಲ್ಲೇ ಇರಬೇಕೆಂದು ಮನೆಯವರು ಸುಮ್ಮನಿರುತ್ತಾರೆ. ಅದು ಜೀವಮಾನಕ್ಕೆ ಒಂದೇ ಸಲ ಬರುವ ಹಲ್ಲು. ಅದರ ಮೇಲಿನ ಆಳವಾದ ಗೆರೆಗಳನ್ನು ಸೀಲೆಂಟ್ ಹಾಕಿ ಮುಚ್ಚಿಸಲು, ಅದು ಪೂರ್ತಿ ಮೇಲೆ ಬಂದ ಕೂಡಲೇ ಅದೇ ಆಸ್ಪತ್ರೆಗೆ ಇನ್ನೊಂದು ಸಲ ಹೋಗಿಬನ್ನಿ.